ಗೋವಿನಜೋಳ ಬರೋ ಮೊದಲು ಗೋವು ಏನು ತಿಂತಿತ್ತು?

ಈ ಸಲದ್ದು ಸ್ವಲ್ಪ ಉದ್ದ ಐತಿ. ಸಂಜೆ ಡೈರಿಗೆ ಹಾಲು ಹಾಕಿ ಬಂದಮೇಲೆ ಪುರುಸೊತ್ತಿನಲ್ಲಿ ಓದ್ರಿ.

ಮೊನ್ನೆ ಹಿಂಡಿ ಅಂಗಡಿ ಮುಂದೆ ನಾಲ್ಕೈದು ಮಂದಿ ನಿಂತಿದ್ವಿ. ಜವಾರಿ ಕೋಳಿ ಸಾಕಿರೋ ಒಬ್ಬ ಹುಡುಗ ಕೇಳಿದ: "ಕಾಕಾ, ಫೀಡ್ ಚೀಲದ ರೇಟು ಕೈಗೆ ಹತ್ತವಲ್ದು. ನವಣಿ, ಸಾವಿ ಹಾಕಿದ್ರ ನಡೀತೈತೇನು? ನಿಮ್ಮ ಕಾಲದಾಗ ಹಾಕ್ತಿದ್ರಂತಲ್ಲ?" ಅಲ್ಲೇ ಇದ್ದ ಹಿರಿಯರೊಬ್ಬರು, "ಹೂನಪಾ, ನಮ್ಮ ಎತ್ತು ನವಣಿ ತಿಂದೇ ಬೆಳೆದಾವು" ಅಂದ್ರು. ಇನ್ನೊಬ್ಬರು ತಡಮಾಡದೆ, "ಏನ್ ಮಾತಾಡ್ತೀಯೋ ಮಾರಾಯ, ಮನಿ ಮಂದಿಗೇ ನವಣಿ ಸಾಲ್ತಿರಲಿಲ್ಲ, ಎತ್ತಿಗೆ ಎಲ್ಲಿಂದ ಬರಬೇಕು" ಅಂದ್ರು. ಇಬ್ಬರೂ ಎಪ್ಪತ್ತು ದಾಟಿದವರು, ಒಂದೇ ಊರಿನವರು. ಯಾರ ಮಾತು ಖರೆ?

ಮನೆಗೆ ಬಂದು ಯೋಚನೆ ಮಾಡಿದೆ. ಇಬ್ಬರ ಮಾತೂ ಖರೆ. ಅದು ಹೇಗೆ ಅನ್ನೋದೇ ಈ ಬರಹ.

ಮೊದಲು ಹಳೇ ಲೆಕ್ಕ ನೋಡೋಣ. ನಮ್ಮ ಭಾಗದ ಎರಿ ಹೊಲದಲ್ಲಿ ಜೋಳ, ಮಸಾರಿ ಹೊಲದಲ್ಲಿ ನವಣೆ, ಸಾವೆ, ಬರಗು, ಹಾರಕ, ಜೊತೆಗೆ ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಅವರೆ. ಇವುಗಳಲ್ಲಿ ಯಾವ ಬೆಳೆಯನ್ನೂ ಬರೀ ಕಾಳಿಗೆ ಅಂತ ಯಾರೂ ಬಿತ್ತುತ್ತಿರಲಿಲ್ಲ. ಜೋಳದ ಬೀಜ ಆರಿಸೋವಾಗ ಅಜ್ಜಂದಿರು ತೆನೆ ನೋಡ್ತಿದ್ದಷ್ಟೇ ದಂಟನ್ನೂ ನೋಡ್ತಿದ್ರು. ದಂಟು ಎತ್ತರ ಬರಬೇಕು, ತೆಳ್ಳಗಿರಬೇಕು, ಮುರಿದು ಅಗಿದು ನೋಡಿದ್ರೆ ಸಿಹಿ ಇರಬೇಕು. ಯಾಕಂದ್ರೆ ಕಾಳು ಆರು ತಿಂಗಳ ಊಟ, ಕಣಿಕೆ ವರ್ಷಪೂರ್ತಿ ದನದ ಊಟ. ಬಣವೆ ಗಟ್ಟಿ ಇದ್ದ ಮನೆಗೆ ಹೆಣ್ಣು ಕೊಡ್ತಿದ್ರು ಅನ್ನೋ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಎತ್ತು ಇಲ್ಲದಿದ್ರೆ ಕೂರಿಗೆ ಇಲ್ಲ, ಕೂರಿಗೆ ಇಲ್ಲದಿದ್ರೆ ಬಿತ್ತನೆ ಇಲ್ಲ. ಆ ಎತ್ತು ನಿಂತಿದ್ದು ಕಣಿಕೆ ಮೇಲೆ.

ಹಂಗಾದ್ರೆ ಕಾಳು ದನಕ್ಕೆ ಹಾಕ್ತಿರಲಿಲ್ಲವಾ? ಹಾಕ್ತಿದ್ರು, ಆದರೆ ಲೆಕ್ಕ ಇಟ್ಟು ಹಾಕ್ತಿದ್ರು. ಆಕಳು ಕರು ಹಾಕಿದಾಗ ಜೋಳ ಅಥವಾ ಸಜ್ಜೆ ನುಚ್ಚಿನ ಗಂಜಿ, ಅದಕ್ಕೆ ಒಂದು ಹಿಡಿ ಬೆಲ್ಲ. ಮುಂಗಾರಿನ ರಂಟೆ ಕುಂಟೆ ಕೆಲಸದಲ್ಲಿ ಎತ್ತು ಸೋತರೆ ಹಿಟ್ಟಿನ ಅಂಬಲಿ, ನೆನೆಸಿದ ಹುರುಳಿ. ಕಾರಹುಣ್ಣಿಮೆ ಮುಂದೆ ಗೊಟ್ಟದಲ್ಲಿ ಎಣ್ಣೆ, ತತ್ತಿ. ದೀಪಾವಳಿ ಹೋರಿ ಹಬ್ಬದ ಹೋರಿಗೆ ಮಾತ್ರ ತಿಂಗಳುಗಟ್ಟಲೆ ಹುರುಳಿ, ಹತ್ತಿಕಾಳು, ಹಿಂಡಿ. ಅಂದ್ರೆ ಒಳ್ಳೇ ಕಾಳು ಹೋಗ್ತಿದ್ದಿದ್ದು ದುಡಿಯೋ ದನಕ್ಕೆ, ಹಡೆದ ದನಕ್ಕೆ, ಓಡೋ ಹೋರಿಗೆ. ಉಳಿದ ದಿನ ಒಣ ಮೇವು, ಹಸಿ ಹುಲ್ಲು, ಮನೆಯ ಮುಸುರೆ, ಅಷ್ಟೇ.

ಇದರ ಜೊತೆಗೆ ಇನ್ನೊಂದು ಕಾಳು ಇತ್ತು. ಅದನ್ನು ನಾನು ಎರಡನೇ ಕಾಳು ಅಂತೀನಿ. ಕಣದಲ್ಲಿ ರಾಶಿ ತೂರುವಾಗ ಒಳ್ಳೇ ಕಾಳು ಕಾಲ ಬುಡಕ್ಕೆ ಬೀಳ್ತಿತ್ತು, ಜೊಳ್ಳು ಮತ್ತು ಹಗುರ ಕಾಳು ಆಚೆ ಹೋಗಿ ಬೀಳ್ತಿತ್ತು. ಆ ಆಚೆ ಬಿದ್ದಿದ್ದು, ಕಣದ ಮಣ್ಣು ಹತ್ತಿದ್ದು, ನವಣೆ ಸಾವೆ ಕುಟ್ಟಿದಾಗ ಬಂದ ನುಚ್ಚು ಮತ್ತು ತೌಡು, ಮಳೆಗೆ ಸಿಕ್ಕು ಕಪ್ಪಾದ ತೆನೆ, ಇದೆಲ್ಲಾ ದನ, ಕೋಳಿ, ಕುರಿಗೆ. ಕೋಳಿಯಂತೂ ಕಣ ಬಿಟ್ಟು ಕದಲ್ತಿರಲಿಲ್ಲ. ಮರಿ ಹೊರಬಂದ ಮೊದಲ ವಾರ ನವಣೆ ನುಚ್ಚು ಕೋಳಿಬುಟ್ಟಿ ಕೆಳಗೆ ಹಾಕೋದು ಅಜ್ಜಿಯರ ಕೆಲಸ. ರಾಶಿ ಮುಗಿದಮೇಲೆ ಕುರುಬರ ಕುರಿ ಹಟ್ಟಿ ಹೊಲದಲ್ಲಿ ನಿಲ್ಲುತ್ತಿತ್ತು. ಕುರಿ ಹಕ್ಕಲು ಕಾಳು, ಒಣ ಎಲೆ ತಿಂದು ಹೊಲಕ್ಕೆ ಗೊಬ್ಬರ ಬಿಡ್ತಿತ್ತು, ಕುರುಬರಿಗೆ ನಾವು ಕಾಳು ಅಳೆದು ಕೊಡ್ತಿದ್ವಿ.

ಈಗ ಹಿಂಡಿ ಅಂಗಡಿ ಜಗಳಕ್ಕೆ ಉತ್ತರ ಸಿಕ್ತಲ್ಲ. "ನವಣಿ ತಿಂದು ಬೆಳೆದಾವು" ಅಂದವರು ಹುಲ್ಲು, ನುಚ್ಚು, ತೌಡು ನೆನಪು ಮಾಡಿಕೊಂಡ್ರು. "ಎಲ್ಲಿಂದ ಬರಬೇಕು" ಅಂದವರು ಒಳ್ಳೇ ಕಾಳು ನೆನಪು ಮಾಡಿಕೊಂಡ್ರು.

ಈ ವ್ಯವಸ್ಥೆ ಬಂಗಾರದಂಥದ್ದು ಅಂತ ನಾನು ಹೇಳಲ್ಲ. 1876ರಿಂದ 78ರ ತನಕ ಬಿದ್ದ ದೊಡ್ಡ ಬರದಲ್ಲಿ ಇದೇ ವ್ಯವಸ್ಥೆ ಕುಸಿದು ಬಿತ್ತು. ಆಗ ನಾವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಹೊಳೆ ದಾಟಿದ್ರೆ ಹರಿಹರ ಮೈಸೂರು ಸಂಸ್ಥಾನ. ತುಂಗಭದ್ರೆಯ ಎರಡೂ ದಂಡೆಯಲ್ಲಿ ಮಂದಿ ಸತ್ತರು, ಮೇವಿಲ್ಲದೆ ದನಗಳೂ ಸತ್ತವು. ದನ ಸತ್ತಿದ್ದಕ್ಕೆ ಮಳೆ ಬಂದಮೇಲೂ ಬಿತ್ತೋಕೆ ಎತ್ತಿಲ್ಲದ ಮನೆಗಳಿದ್ದವು. ಬರದಲ್ಲಿ ಮೊದಲು ಖಾಲಿಯಾಗೋದು ಬಣವೆ, ಆಮೇಲೆ ಹಗೇವು. ಕಿರುಧಾನ್ಯಕ್ಕೆ ನಮ್ಮ ಹಿರಿಯರು ಅಷ್ಟು ಜೋತು ಬಿದ್ದಿದ್ದು ಅದಕ್ಕೇ. ಕಡಿಮೆ ಮಳೆಗೆ ಬರುತ್ತೆ, ಬೇಗ ಕೊಯ್ಲಿಗೆ ಬರುತ್ತೆ, ಕಾಳು ಕೈಕೊಟ್ಟರೂ ಹುಲ್ಲಾದರೂ ಸಿಗುತ್ತೆ, ಹೊಟ್ಟು ಸಮೇತ ಇಟ್ಟರೆ ವರ್ಷಗಟ್ಟಲೆ ಹುಳ ಬೀಳದೆ ಉಳಿಯುತ್ತೆ. ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿ ಮತ್ತು ರಾಗಿಯ ನಡುವೆ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ರಾಗಿಯನ್ನು ಗೆಲ್ಲಿಸಿದ್ದೂ ಈ ಉಳಿಯೋ ಗುಣದ ಮೇಲೇ. ಅದರಲ್ಲಿ ಭಕ್ತಿ, ಜಾತಿ ವಿಚಾರ ಬಹಳ ಐತಿ, ಆದರೆ ಕಾಳು ಕೂಡಿಡೋ ರೈತನ ಅನುಭವವೂ ಐತಿ.

ಇನ್ನು ಇದೆಲ್ಲಾ ಎಲ್ಲಿ ತಪ್ಪಿತು? ನಂಗೆ ಕಾಣೋ ಪ್ರಕಾರ ಮೂರು ಹೊಡೆತ, ಹೆಚ್ಚುಕಮ್ಮಿ ಒಂದೇ ತಲೆಮಾರಿನಲ್ಲಿ.

ಒಂದನೇದು, ಗಿಡ್ಡ ತಳಿ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್-1 ಬಂತು. ಮರುವರ್ಷ ಹೈಬ್ರಿಡ್ ಸಜ್ಜೆ. ಆಮೇಲೆ ಒಂದರ ಹಿಂದೆ ಒಂದು. ಕಾಳು ದುಪ್ಪಟ್ಟು ಬಂತು, ಹೊಟ್ಟೆ ತುಂಬಿತು, ಅದನ್ನು ಅಲ್ಲಗಳೆಯೋದು ತಪ್ಪು. ಆದರೆ ದಂಟು ಗಿಡ್ಡ ಆಯ್ತು, ಬಣವೆಯೂ ಗಿಡ್ಡ ಆಯ್ತು. ಮುಂಗಾರಿ ಹೈಬ್ರಿಡ್ ತೆನೆ ಮಳೆಗೆ ಸಿಕ್ಕು ಕಪ್ಪಾಗಿ ಪೇಟೆಯಲ್ಲಿ ರೇಟು ಬೀಳ್ತಿತ್ತು. ಹಿಂಗಾರಿ ಹೊಲದವರು ಮಾಲದಂಡಿ, ಅಂದ್ರೆ ಎಂ 35-1 ಬಿಡದೇ ಹಿಡಿದಿದ್ದು ಮೊಂಡುತನಕ್ಕಲ್ಲ, ಅದು ರೊಟ್ಟಿಗೂ ಬರ್ತಿತ್ತು, ಕಣಿಕೆಗೂ ಬರ್ತಿತ್ತು.

ಎರಡನೇದು, ಗೋಮಾಳ. 1970ರ ದಶಕದಲ್ಲಿ ನಮ್ಮ ಕುಮಾರಪಟ್ಟಣದ ಹೊಳೆದಂಡೆಯಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಯ್ತು. ಸಾವಿರಾರು ಮನೆಗೆ ಸಂಬಳ ಬಂತು, ಇವತ್ತಿಗೂ ಬರ್ತಾ ಐತಿ. ಅದಕ್ಕೆ ಬೇಕಾದ ನೀಲಗಿರಿ ಕಟ್ಟಿಗೆಗಾಗಿ 1984ರಲ್ಲಿ ಸರಕಾರದ ಅರಣ್ಯ ನಿಗಮ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಮಾಡಿದ್ರು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸರಕಾರಿ ಜಮೀನಿನಲ್ಲಿ ನೀಲಗಿರಿ ಹಚ್ಚೋ ಯೋಜನೆ ಅದು. ಆ ಜಮೀನಿನಲ್ಲಿ ಹಳ್ಳಿ ದನ ಮೇಯ್ತಿದ್ದವು. ನೀಲಗಿರಿ ಎಲೆಯನ್ನು ನಮ್ಮ ದನ ಮೂಸಲ್ಲ. 1987ರ ನವೆಂಬರ್ 14ಕ್ಕೆ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದವರು ಮತ್ತು ಹಳ್ಳಿ ಮಂದಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಮಾಡಿದ್ರು. ನೀಲಗಿರಿ ಸಸಿ ಕಿತ್ತು ಜನಕ್ಕೆ ಬೇಕಾದ ಗಿಡ ಹಚ್ಚಿದ್ರು. ಶಿವರಾಮ ಕಾರಂತರೂ ಈ ಹೋರಾಟದ ಜೊತೆಗಿದ್ರು. ಕೋರ್ಟು ಕಚೇರಿ ಎಲ್ಲಾ ನಡೆದು 1991ರಲ್ಲಿ ಪಲ್ಪ್‌ವುಡ್ ಕಂಪನಿ ಮುಚ್ಚಿತು. ಹೋರಾಟ ಗೆದ್ದಿತು, ನಿಜ. ಆದರೆ ಒಮ್ಮೆ ಕೈಬಿಟ್ಟ ಗೋಮಾಳ ಎಷ್ಟು ಊರಲ್ಲಿ ಹುಲ್ಲುಗಾವಲಾಗಿ ವಾಪಸ್ ಬಂತು? ನಿಮ್ಮ ನಿಮ್ಮ ಊರಿನದ್ದು ನೀವೇ ನೋಡ್ರಿ. ಹೊರಗೆ ಮೇಯೋದು ಕಮ್ಮಿ ಆದಷ್ಟೂ ಗ್ವಾದ್ಲಿ ಭಾರ ಹೊಲದ ಮೇಲೆ ಬಿತ್ತು, ಅದೇ ಹೊತ್ತಿಗೆ ಹೊಲದಲ್ಲಿ ದಂಟು ಗಿಡ್ಡ ಆಗಿತ್ತು.

ಮೂರನೇದು, ಗೋವಿನಜೋಳ. ಇದು ಮೆಕ್ಸಿಕೋ ಕಡೆ ಹುಟ್ಟಿ ಪೋರ್ಚುಗೀಸರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದ ಬೆಳೆ. 1957ರಲ್ಲಿ ಇದಕ್ಕೆ ಅಂತ ದೇಶದ ಮಟ್ಟದ ಸಂಶೋಧನಾ ಯೋಜನೆ ಶುರುವಾಗಿ, 1961ರಲ್ಲಿ ಗಂಗಾ, ಡೆಕ್ಕನ್ ಅನ್ನೋ ಮೊದಲ ಹೈಬ್ರಿಡ್‌ಗಳು ಬಂದವು. ನಮ್ಮ ಕಡೆ ಇದು ಹೊಲ ತುಂಬಿದ್ದು ಆಮೇಲೆ, ಕೋಳಿ ಫಾರಂ ಬೆಳೆದಂಗೆ. ಕೋಳಿ ಫೀಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇರೋದು ಇದೇ ಕಾಳು. ರಾಣೆಬೆನ್ನೂರು, ದಾವಣಗೆರೆ ಪೇಟೆಯಿಂದ ಲಾರಿ ತಮಿಳುನಾಡಿನ ಕೋಳಿ ಊರುಗಳಿಗೆ ಹೋದವು. ಎಕರೆಗೆ ನವಣೆ ನಾಲ್ಕೈದು ಕ್ವಿಂಟಲ್ ಬರೋ ಮಸಾರಿಯಲ್ಲಿ ಇದು ಹದಿನೈದು ಇಪ್ಪತ್ತು ಕ್ವಿಂಟಲ್ ಬಂದ್ರೆ ಯಾರು ಬಿಡ್ತಾರ? ನಾನೂ ಬಿಡಲಿಲ್ಲ. ಮಕ್ಕಳ ಫೀ ಕಟ್ಟಿದ್ದು, ಮನೆಗೆ ಆರ್‌ಸಿಸಿ ಹಾಕಿಸಿದ್ದು ಇದೇ ಬೆಳೆಯಿಂದ.

ಆದರೆ ಹೆಸರು ನೋಡ್ರಿ, ಗೋವಿನಜೋಳ. ಗೋವಿಗೆ ಇದರಿಂದ ಸಿಕ್ಕಿದ್ದೇನು? ಕಾಳು ದೂರದ ಕೋಳಿಗೆ ಹೋಯ್ತು. ದಂಟು ದಪ್ಪ, ಒಣಗಿದ್ರೆ ಕಟ್ಟಿಗೆ. ಕತ್ತರಿಸಿ ಹಾಕದಿದ್ರೆ ದನ ಅರ್ಧ ಬಿಡ್ತಾವು. ಬಹಳ ಹೊಲದಲ್ಲಿ ಅದನ್ನು ಸುಡ್ತಾರೆ ಇಲ್ಲಾ ರೋಟರ್ ಹೊಡಿತಾರೆ. ಅತ್ತ ನಾವೇ ಬೆಳೆದ ಕಾಳು ಫೀಡ್ ಚೀಲವಾಗಿ ಹಿಂಡಿ ಅಂಗಡಿಗೆ ವಾಪಸ್ ಬರುತ್ತೆ, ಅದನ್ನೇ ದುಡ್ಡು ಕೊಟ್ಟು ತರ್ತೀವಿ. ಕಣಿಕೆಗೆ ಇವತ್ತು ರೇಟು ಕೇಳೋ ಹಂಗಿಲ್ಲ. ಹೀಗಿದ್ದಾಗ ಟ್ರ್ಯಾಕ್ಟರ್ ಬಂತು, ಎತ್ತಿನ ಜೋಡಿ ಪೇಟೆಗೆ ಹೋಯ್ತು, ಎಚ್‌ಎಫ್ ಆಕಳು ಒಳಗೆ ಬಂತು. ಅದು ಬರೀ ಒಣ ಮೇವಿನ ಮೇಲೆ ನಿಲ್ಲೋ ದನ ಅಲ್ಲ, ಅದಕ್ಕೆ ದಾಣಿ ಬೇಕೇ ಬೇಕು.

2018ರಲ್ಲಿ ಎರಡು ಸುದ್ದಿ ಜೊತೆಗೆ ಬಂದವು. ಕೇಂದ್ರ ಸರಕಾರ ಜೋಳ, ಸಜ್ಜೆ, ರಾಗಿ, ಕಿರುಧಾನ್ಯಗಳನ್ನು ಪೌಷ್ಟಿಕ ಧಾನ್ಯ ಅಂತ ಘೋಷಣೆ ಮಾಡಿತು. ಅದೇ ವರ್ಷ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಗೋವಿನಜೋಳದ ಮೇಲೆ ಫಾಲ್ ಆರ್ಮಿವರ್ಮ್, ಅಂದ್ರೆ ಅಮೆರಿಕದ ಸೈನಿಕ ಹುಳ, ದೇಶದಲ್ಲೇ ಮೊದಲ ಸಲ ಕಾಣಿಸಿಕೊಂಡಿತು. ಆಮೇಲಿಂದ ಸುಳಿಗೆ ಔಷಧ ಹೊಡೆಯೋ ಖರ್ಚು ಖಾಯಂ ಆಯ್ತು. ರಾಜ್ಯ ಸರಕಾರ ರೈತ ಸಿರಿ ಅಂತ ಕಿರುಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ತಂತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯ್ತು. ಇದೆಲ್ಲದರಲ್ಲೂ ಮಾತು ಪಟ್ಟಣದ ತಟ್ಟೆಯದ್ದೇ. ಗ್ವಾದ್ಲಿ ಮಾತು ಯಾರೂ ಎತ್ತಲಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ. ಹಾಕಬಹುದಾ? ಮೊದಲು ರೇಟು ನೋಡಪ್ಪ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ ಗೋವಿನಜೋಳ 2,400, ಸಜ್ಜೆ 2,775, ಹೈಬ್ರಿಡ್ ಜೋಳ 3,699, ರಾಗಿ 4,886 ರೂಪಾಯಿ. ಪೇಟೆ ರೇಟು ಇದಕ್ಕಿಂತ ಮೇಲೆ ಕೆಳಗೆ ಇರುತ್ತೆ, ಅದು ನಿಮಗೆ ಗೊತ್ತೇ ಐತಿ. ಒಳ್ಳೇ ರಾಗಿ, ನವಣೆ ಕೊಂಡು ತಂದು ಕೋಳಿಗೆ ಹಾಕಿದ್ರೆ ಮನೆ ಉಳಿಯಲ್ಲ. ಅಜ್ಜನ ಕಾಲದಲ್ಲೂ ಉಳಿತಿರಲಿಲ್ಲ, ಅದಕ್ಕೇ ಹಾಕ್ತಿರಲಿಲ್ಲ. ಹಾಕಬೇಕಾದ್ದು ಎರಡನೇ ಕಾಳು. ಜರಡಿಯಲ್ಲಿ ಇಳಿದ ಸಣ್ಣ ಕಾಳು, ಮಿಲ್ಲಿನ ನುಚ್ಚು, ತೌಡು. ಲೆಕ್ಕ ಹಾಕಿದ್ರೆ ಸಜ್ಜೆ ಒಂದೇ ಗೋವಿನಜೋಳದ ಹತ್ತಿರ ಬರೋ ಕಾಳು. ಅದರಲ್ಲಿ ಪ್ರೋಟೀನು ಗೋವಿನಜೋಳಕ್ಕಿಂತ ಜಾಸ್ತಿ, ಕೋಳಿಗೆ ಗೋವಿನಜೋಳದ ಪಾಲಿನಲ್ಲಿ ಅರ್ಧದವರೆಗೆ ಸಜ್ಜೆ ಹಾಕಬಹುದು. ಆದರೆ ತತ್ತಿ ಬಂಡ ಬಿಳಿಚಿಕೊಳ್ಳುತ್ತೆ, ಯಾಕಂದ್ರೆ ಆ ಹಳದಿ ಬಣ್ಣ ಗೋವಿನಜೋಳದ್ದು. ದಿನಾ ನುಗ್ಗೆ ಸೊಪ್ಪು, ಕುದುರೆ ಮೆಂತ್ಯ ಹಾಕಿದ್ರೆ ಬಣ್ಣ ವಾಪಸ್ ಬರುತ್ತೆ. ನವಣೆ, ಸಾವೆ ಹೊಟ್ಟು ಸಮೇತ ಹಾಕಿದ್ರೆ ನಾರು ಜಾಸ್ತಿ. ಜವಾರಿ ಕೋಳಿ ತಡಕೊಳ್ಳುತ್ತೆ, ಫಾರಂ ಕೋಳಿಗೆ ತೂಕ ಬರಲ್ಲ. ಬರೀ ಕಾಳಿನ ಮೇಲೆ ಯಾವ ಕೋಳಿಯೂ ತತ್ತಿ ಇಡಲ್ಲ, ಹಿಂಡಿ, ಸುಣ್ಣದಂಶ ಬೇಕೇ ಬೇಕು.

ದನಕ್ಕೆ ಸಣ್ಣ ಕಾಳು ಇಡಿಯಾಗಿ ಹಾಕಿದ್ರೆ ಸಗಣಿಯಲ್ಲಿ ಹಂಗೇ ಹೊರಗೆ ಬರುತ್ತೆ. ಗಿರಣಿಯಲ್ಲಿ ತರಿ ಮಾಡಿಸ್ರಿ. ಮನೆಯಲ್ಲೇ ದಾಣಿ ಮಾಡೋರು 100 ಕೆಜಿಗೆ ಕಾಳಿನ ತರಿ 35, ಹಿಂಡಿ 30, ಬೂಸಾ ತೌಡು 32, ಖನಿಜ ಮಿಶ್ರಣ 2, ಉಪ್ಪು 1 ಅಂತ ಇಟ್ಟುಕೊಳ್ಳಬಹುದು. ಕಾಳಿನ ಪಾಲಿನಲ್ಲಿ ಜೋಳ, ಸಜ್ಜೆ, ಗೋವಿನಜೋಳ ಯಾವುದು ಅಗ್ಗ ಅದು. ಹೊಸ ದಾಣಿ ಒಮ್ಮೆಲೇ ಬದಲು ಮಾಡಬ್ಯಾಡ್ರಿ, ಎಂಟು ಹತ್ತು ದಿನ ಸ್ವಲ್ಪ ಸ್ವಲ್ಪ ಸೇರಿಸ್ರಿ. ದನ ಹಗ್ಗ ಹರಕೊಂಡು ಕಾಳಿನ ರಾಶಿಗೆ ಬಾಯಿ ಹಾಕಿದ್ರೆ ಹೊಟ್ಟೆಯೊಳಗೆ ಹುಳಿಯಾಗಿ ಜೀವಕ್ಕೇ ಬರುತ್ತೆ, ತಕ್ಷಣ ಡಾಕ್ಟರಿಗೆ ಫೋನ್ ಮಾಡ್ರಿ.

ಹಿಂದಿನವರಿಂದ ಎಲ್ಲಾ ಕಲಿಯಬಾರದು ಅನ್ನೋದಕ್ಕೂ ಒಂದು ಮಾತು. ಹಗೇವು ತೆಗೆದಾಗ ಗೋಡೆ ಬದಿಯ ಜೋಳ ಮುಗ್ಗಾಗಿರುತ್ತಿತ್ತು. ನಮ್ಮ ಅಜ್ಜ ಅದನ್ನು ತೊಳೆದು ಎಮ್ಮೆಗೆ ಹಾಕ್ತಿದ್ದ. ಒಂದು ವರ್ಷ ಎಮ್ಮೆ ಮೇವು ಬಿಟ್ಟು, ಸೊರಗಿ, ಕಂದು ಹಾಕಿತು. "ದೃಷ್ಟಿ ಆಗೈತಿ" ಅಂದ್ರು. ಅದು ಬೂಜಿಂದಲೇ ಆಯ್ತು ಅಂತ ನಾನು ಹೇಳಲಾರೆ, ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿ ಬೂಜು ಹಿಡಿದ ಶೇಂಗಾ ಹಿಂಡಿ ತಿಂದು ಸತ್ತಮೇಲೆ ಆ ವಿಷ ಏನು ಅಂತ ಜಗತ್ತಿಗೆ ಗೊತ್ತಾಯ್ತು. ಅದಕ್ಕೆ ಅಫ್ಲಾಟಾಕ್ಸಿನ್ ಅಂತಾರೆ, ತೊಳೆದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ, ಹಾಲಿಗೂ ಇಳಿಯುತ್ತೆ. 2024ರ ಅಕ್ಟೋಬರ್ ಕೊನೆಗೆ ಮಧ್ಯಪ್ರದೇಶದ ಬಾಂಧವಗಡದಲ್ಲಿ ಬೂಜು ಹತ್ತಿದ ಹಾರಕ ತಿಂದು 10 ಆನೆ ಸತ್ತವು. ಆನೆಗೇ ಹಂಗಾದ್ರೆ ಕುರಿ ಕೋಳಿ ಯಾವ ಲೆಕ್ಕ? ಸಣ್ಣ ಕಾಳು ಹಾಕ್ರಿ, ಹಗುರ ಕಾಳು ಹಾಕ್ರಿ, ಬೂಜಿನ ಕಾಳು ತಿಪ್ಪೆಗೆ ಹಾಕ್ರಿ. ಹಂಗೇ ಎಳೇ ಜೋಳದ ಪೈರು, ಮಳೆಯಿಲ್ಲದೆ ಬಾಡಿದ ಪೈರು, ಕೂಳೆ ಚಿಗುರು, ಇವುಗಳಲ್ಲಿ ಸೈನೈಡ್ ವಿಷ ಇರುತ್ತೆ. ತೆನೆ ಬಿಟ್ಟಮೇಲೆ ಕೊಯ್ದು, ಒಣಗಿಸಿ ಹಾಕ್ರಿ.

ನನ್ನ ಲೆಕ್ಕ ಹೇಳಿ ಮುಗಿಸ್ತೀನಿ. ಗೋವಿನಜೋಳ ಬಿಡ್ರಿ ಅಂತ ನಾನು ಹೇಳಲ್ಲ, ನಾನೇ ಪೂರ್ತಿ ಬಿಡಲ್ಲ. ಆದರೆ ನವಣೆ, ಸಾವೆಯನ್ನು ಕ್ವಿಂಟಲ್ ಕಾಳಿನಿಂದಷ್ಟೇ ಅಳೆದು "ಪಡತಾ ಬೀಳಲ್ಲ" ಅಂತ ಎಷ್ಟೋ ವರ್ಷ ಅಂದೆವಲ್ಲ, ಆ ಅಳತೆಯೇ ತಪ್ಪು. ಹುಲ್ಲು ಎಷ್ಟು ಹೊರೆ, ಅಷ್ಟು ಹೊರೆ ಇವತ್ತು ಕೊಂಡರೆ ಎಷ್ಟು ರೂಪಾಯಿ, ನುಚ್ಚು ತೌಡಿನಿಂದ ಎಷ್ಟು ದಾಣಿ ಉಳೀತು, ಔಷಧ ಗೊಬ್ಬರದ್ದು ಎಷ್ಟು ಉಳೀತು, ಇದೆಲ್ಲಾ ಕೂಡಿಸಿ ಅಳೀಬೇಕು. ಅಜ್ಜಂದಿರು ಹಂಗೇ ಅಳಿತಿದ್ರು, ಬರೆದಿಡ್ತಿರಲಿಲ್ಲ ಅಷ್ಟೇ. ಈ ಮುಂಗಾರಿಗೆ ಒಂದು ಎಕರೆ ಮಸಾರಿ ಬಿಡಿಸಿ ಅರ್ಧಕ್ಕೆ ನವಣೆ, ಅರ್ಧಕ್ಕೆ ಸಾವೆ, ತೊಗರಿ ಅಕ್ಕಡಿ ಜೊತೆ ಹಾಕ್ತೀನಿ. ಬೀಜಕ್ಕೆ ದೂರ ಹೋಗಬೇಕಿಲ್ಲ. ಹೆದ್ದಾರಿ ಮೇಲಿನ ನಮ್ಮ ಹನುಮನಮಟ್ಟಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಿರುಧಾನ್ಯದ ಮೇಲೆ ಬಹಳ ವರ್ಷದಿಂದ ಕೆಲಸ ನಡೆದೈತಿ. ಎಚ್‌ಎಂಟಿ 100-1 ನವಣೆ ಅಂತ ಹೆಸರು ಕೇಳಿರ್ತೀರಿ, ಆ ಎಚ್‌ಎಂಟಿ ಅಂದ್ರೆ ಕೈಗಡಿಯಾರ ಅಲ್ಲ, ಹನುಮನಮಟ್ಟಿ. ಹೊರೆ, ಕಾಳು, ನುಚ್ಚು ಎಲ್ಲಾ ತೂಗಿ, ರಾಶಿ ಆದಮೇಲೆ ಲೆಕ್ಕ ಇಲ್ಲೇ ಬರೀತೀನಿ, ಲಾಸ್ ಆದ್ರೂ ಬರೀತೀನಿ.

ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳ್ರಿ, ಆಕಳು ಕರು ಹಾಕಿದಾಗ ಏನು ಗಂಜಿ ಮಾಡ್ತಿದ್ರು, ಕೋಳಿಮರಿಗೆ ಏನು ಹಾಕ್ತಿದ್ರು, ಬಣವೆ ಎಷ್ಟು ದೊಡ್ಡದಿತ್ತು ಅಂತ. ಯಾರದಾದರೂ ಅಟ್ಟದ ಮೇಲೆ ಹಳೇ ಎತ್ತರದ ಜೋಳದ ಬೀಜ ಇನ್ನೂ ಉಳಿದಿದ್ರೆ ಒಂದು ಸೇರು ಕೊಡ್ರಿ, ಸುಗ್ಗಿಗೆ ಎರಡು ಸೇರು ವಾಪಸ್ ಕೊಡ್ತೀನಿ.